ಹೊಸ ಗಾಡಿಗೆ ಬಿದ್ದ ಕಣ್ಣು

ಕೊಡಿಗೇನಹಳ್ಳಿಯ ಇಂದ್ರಮ್ಮ ಹೂವಿನ ವ್ಯಾಪಾರಕ್ಕೆಂದು ಹೊಸ ಪಿಕಪ್ ಗಾಡಿ ತಂದ ದಿನ, ಕೀ ತನಗೇ ಸಿಗುತ್ತದೆಂದು ಡ್ರೈವರ್ ಹಾಲೇಶ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ನಿಂತಿದ್ದ. ಕೀ ಹೋಗಿದ್ದು ಮೊನ್ನೆಮೊನ್ನೆ ಕೆಲಸಕ್ಕೆ ಸೇರಿದ ಚಿರಂಜೀವಿಯ ಕೈಗೆ.

"ಹಳೇ ಗಾಡಿ ನಿನ್ ಮಾತು ಬುಟ್ರೆ ಇನ್ಯಾರ್ ಮಾತೂ ಕೇಳಲ್ಲ ಕಣಪ್ಪ" ಅಂದರು ಇಂದ್ರಮ್ಮ. ಹೊಗಳಿಕೆಯೇ. ಆದರೂ ಹಾಲೇಶನ ಹೊಟ್ಟೆಯೊಳಗೆ ಯಾರೋ ಖಾರ ಅರೆದಂತಾಯಿತು.

ಚಿರಂಜೀವಿ ಹೊಸ ಗಾಡಿಯನ್ನು ಮದುಮಗಳ ಹಾಗೆ ನೋಡಿಕೊಂಡ. ದಿನಾ ಸಂಜೆ ಪೈಪು ಹಿಡಿದು ಚಕ್ರದ ಸಂದುಗೊಂದಿಗೆಲ್ಲ ನೀರು ಬಿಟ್ಟು ತೊಳೆದು, ಹ್ಯಾಂಡ್‌ಬ್ರೇಕನ್ನು ಕರಕರ ಎಳೆದು ಮನೆಗೆ ಹೋಗುತ್ತಿದ್ದ. ಚಳಿಗಾಲದಲ್ಲಿ ಒದ್ದೆ ಗಾಡಿಗೆ ಹಾಗೆ ಬ್ರೇಕ್ ಹಾಕಿಟ್ಟರೆ ಅದು ಚಕ್ರದೊಳಗಿನ ಡ್ರಮ್ಮಿಗೆ ಅಂಟಿಕೊಂಡು ಚಕ್ರವೇ ತಿರುಗುವುದಿಲ್ಲ. ಬದಲಿಗೆ ಗೇರಿಗೆ ಹಾಕಿ ಚಕ್ರಕ್ಕೊಂದು ಕಲ್ಲು ಕೊಡಬೇಕು. ಹಾಲೇಶನಿಗೆ ಗೊತ್ತಿತ್ತು. ಹೇಳಲಿಲ್ಲ.

ಧನುರ್ಮಾಸದಲ್ಲಿ ಹೂ ಕಮ್ಮಿಯಾಗಿ, ತೊಳೆದ ಗಾಡಿ ಮಂಜಿನಲ್ಲಿ ಎರಡು ದಿನ ನಿಂತಲ್ಲೇ ನಿಂತಿತು. ಆಮೇಲೆ ಬೆಳಬೆಳಗ್ಗೆ ಹಿಂದೂಪುರಕ್ಕೆಂದು ಸೇವಂತಿಗೆ ಮೂಟೆ ಹೇರಿದರೆ, ಗಾಡಿ ಗುರ್ರೆಂದಿತೇ ಹೊರತು ಕದಲಲಿಲ್ಲ. ಹಾಲೇಶನಿಗೆ ಒಳಗೊಳಗೇ ಹಬ್ಬ. ಇನ್ನೇನು, ಕೀ ತನ್ನ ಕೈಗೆ!

"ಯಾವನ್ ಕಣ್ ಬಿತ್ತೋ ನನ್ ಗಾಡಿಗೆ" ಅನ್ನುತ್ತ ಇಂದ್ರಮ್ಮ ಉಪ್ಪು, ಒಣಮೆಣಸಿನಕಾಯಿ, ಕೆಂಡದ ಬಾಣಲೆ ತಂದರು.

"ಅಣ್ಣಾ, ಏನಾರ ಮಾಡಣ್ಣ, ಹೂ ಬಾಡೋಯ್ತವೆ" ಎಂದು ಚಿರಂಜೀವಿ ಅಳುವ ಹಾಗಾದ. ಅವನ ಮುಖ ನೋಡಲಾಗದೆ ಹಾಲೇಶ ಸುತ್ತಿಗೆ ಹಿಡಿದು ಗಾಡಿಯಡಿ ತೂರಿದ. "ಹ್ಯಾಂಡ್‌ಬ್ರೇಕ್ ಬುಡ್ಲಾ!" ಎಂದು ಕೂಗಿ ಡ್ರಮ್ಮಿನ ಸುತ್ತ ಟಣ್ ಟಣ್ ಬಡಿದ. ಇತ್ತ ಇಂದ್ರಮ್ಮ ನಿವಾಳಿಸಿ ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದರು. ಘಾಟೇ ಬರಲಿಲ್ಲ.

"ನೋಡ್ದಾ! ಕೆಮ್ಮೇ ಬರ್ಲಿಲ್ಲ ಅಂದ್ರೆ ಎಂಥಾ ದೃಷ್ಟಿ ಇರ್ಬೇಕು!"

ಹೊಗೆಯೆಲ್ಲ ಗಾಳಿಗೆ ಗಾಡಿಯಡಿಗೇ ನುಗ್ಗಿತ್ತು. ಹಾಲೇಶ ಉಸಿರು ಕಟ್ಟಿ ಹಿಡಿದ, ಹಲ್ಲು ಕಚ್ಚಿದ. ಬ್ರೇಕು ಟಕ್ಕೆಂದು ಬಿಟ್ಟುಕೊಂಡಿತು; ಅವನ ಕೆಮ್ಮೂ ಬಿಟ್ಟುಕೊಂಡಿತು. ಕಣ್ಣು ಮೂಗಲ್ಲೆಲ್ಲ ನೀರು ಸುರಿಸುತ್ತ ತೆವಳಿ ಹೊರಬಂದ.

ಇಂದ್ರಮ್ಮ ಸೊಂಟದ ಮೇಲೆ ಕೈಯಿಟ್ಟರು. "ಯಾರ್ಗೂ ಹತ್ತದ ಘಾಟು ನಿಂಗೊಬ್ನಿಗೇ ಹತ್ತೈತೆ. ನೀನೇನ್ಲಾ ಉರ್ಕೊಂಡು ನೋಡ್ತಿದ್ದೋನು?"

ಹಾಲೇಶ ಕೆಮ್ಮಿದ.

"ನಾಳಿಂದ ನೀನೇ ಓಡ್ಸು. ನಿನ್ ಗಾಡಿಗೆ ನಿನ್ ಕಣ್ ತಾಕಲ್ಲ."

ಮಾರನೆಯ ಸಂಜೆ ಹಾಲೇಶ ಹೊಸ ಗಾಡಿ ತಂದು ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಲು ಬಗ್ಗಿದ. ಎದುರಿಗೆ ಚಿರಂಜೀವಿ ಹಳೇ ಗಾಡಿ ತೊಳೆದಿದ್ದ. ಅದಕ್ಕೆ ಅಂಥ ಹೊಳಪಿದೆಯೆಂದು ಹಾಲೇಶನಿಗೇ ಗೊತ್ತಿರಲಿಲ್ಲ. ಹುಡುಗ ಸೀಟಿಗೆ ಹತ್ತಿ ಕೀ ತಿರುಗಿಸಿದ. ಯಾರ ಮಾತೂ ಕೇಳದ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು! ಹಾಲೇಶನ ಹೊಟ್ಟೆ ಮತ್ತೆ ಭಗ್ಗೆಂದಿತು.

ಚಿರಂಜೀವಿ ಗಾಡಿಯನ್ನು ಗೋಡೆ ಪಕ್ಕ ನಿಲ್ಲಿಸಿ, ಹ್ಯಾಂಡ್‌ಬ್ರೇಕನ್ನು ಕರಕರ ಎಳೆದ. ಹಾಲೇಶ ಕಲ್ಲನ್ನೇ ನೋಡುತ್ತ ಕುಳಿತ.

ಆಗ ಇಂದ್ರಮ್ಮನ ಅಡುಗೆಮನೆಯಿಂದ ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಬಂತು. ಹಾಲೇಶ ಬೆಚ್ಚಿಬಿದ್ದು ಎದ್ದ.

"ಲೇ, ಬ್ರೇಕ್ ಬುಡ್ಲಾ! ಬುಟ್ಟು ಗೇರ್ ಹಾಕು!" ಕೆಮ್ಮುತ್ತಲೇ ಕೂಗಿ, ಕೈಯಲ್ಲಿದ್ದ ಕಲ್ಲನ್ನು ಓಡಿಹೋಗಿ ಹಳೇ ಗಾಡಿಯ ಚಕ್ರಕ್ಕೆ ಕೊಟ್ಟ.