ಬಲಗೈಯ ವಾಚು

ಸೆಟ್‌ನಲ್ಲಿ ಎಲ್ಲರೂ ಮೇಷ್ಟ್ರು ಎಂದೇ ಕರೆಯುವ ಹಿರಿಯ ನಟರ ಗಂಟಲಿನ ಶಸ್ತ್ರಚಿಕಿತ್ಸೆ ಮಂಗಳವಾರ ಮುಗಿಯಿತು. ಬುಧವಾರ ಮಧ್ಯಾಹ್ನ, ಸಂಕಲನದ ಕೋಣೆಯಲ್ಲಿ, ಕಲ್ಲಕ್ಕನ ಕಣ್ಣಿಗೆ ವಾಚು ಬಿತ್ತು.

"ನಿಲ್ಲಿಸು," ಎಂದಳು.

ಸಂಕಲನಕಾರ ನಿಲ್ಲಿಸಿದ. ಕೆಲಸದವರೆಲ್ಲ ಅವನನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಪರದೆಯ ಮೇಲೆ ಮೇಷ್ಟ್ರು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದರು. ಎದುರಿಗೆ ಮಗಳ ಪಾತ್ರದ ಹುಡುಗಿ, ಹಿಂದೆ ಬಾಗಿಲು. ವಾಚು ಮೇಷ್ಟ್ರ ಬಲಗೈಯಲ್ಲಿತ್ತು.

"ಇದು ಈಚೆ ಮನೆ ಅಲ್ವಾ?"

"ಬಾಗಿಲು ಎಡಕ್ಕಿದೆ, ಕಿಟಕಿ ಬಲಕ್ಕಿದೆ. ಈಚೆ ಮನೆನೇ."

"ಹಾಗಾದ್ರೆ ವಾಚು ಯಾಕೆ ಬಲಗೈಲಿದೆ?"

ಕತ್ತರಿ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದ. "ಅದನ್ನ ನೋಡೋದು ನಿಮ್ಮ ಕೆಲಸ ಅಲ್ವಾ ಅಕ್ಕ?"

ಅವಳ ಕೆಲಸವೇ ಅದು. ಒಂದು ಶಾಟ್‌ನಲ್ಲಿ ಇದ್ದದ್ದು ಮುಂದಿನ ಶಾಟ್‌ನಲ್ಲೂ ಹಾಗೇ ಇದೆಯೇ ಎಂದು ನೋಡುವುದು. ಅರ್ಧ ಕುಡಿದ ಲೋಟ ಮತ್ತೆ ತುಂಬದಂತೆ, ತೆರೆದ ಕಿಟಕಿ ತಾನಾಗಿ ಮುಚ್ಚದಂತೆ ಕಾಯುವುದು. ಮೊಸರಿನಲ್ಲಿ ಕಲ್ಲು ಹುಡುಕುವವಳು ಎಂದು ಯಾರೋ ಆಡಿಕೊಂಡ ಮೇಲೆ ಕಲ್ಲಕ್ಕ ಎಂಬ ಹೆಸರು ಅಂಟಿತು. ಅದರ ಬಗ್ಗೆ ಅವಳಿಗೆ ಬೇಸರವಿರಲಿಲ್ಲ. ಕಲ್ಲು ಸಿಕ್ಕರೂ ಯಾರೂ ಅದನ್ನು ಎತ್ತಿ ಹಾಕುವುದಿಲ್ಲ ಎಂಬುದಷ್ಟೇ ಬೇಸರ.

ಧಾರಾವಾಹಿಯ ಹೆಸರು 'ಆಚೆ ಮನೆ'. ಇದು ಮೂರನೇ ಸೀಸನ್. ಕಥೆ ಸರಳ: ಒಂದೇ ಮನೆ ಎರಡು ವಿಶ್ವಗಳಲ್ಲಿದೆ, ಒಂದೇ ಕುಟುಂಬ ಎರಡೂ ಕಡೆ ಬದುಕುತ್ತಿದೆ, ಅಡುಗೆಮನೆಯ ಬಾಗಿಲು ಆಗಾಗ ಒಂದರಿಂದ ಇನ್ನೊಂದಕ್ಕೆ ತೆರೆದುಕೊಳ್ಳುತ್ತದೆ. ಈಚೆ ಮನೆಯ ಅಪ್ಪ ಸಾಧು. ಆಚೆ ಮನೆಯ ಅಪ್ಪ ಮೋಸಗಾರ. ಈಚೆಗೆ ನುಗ್ಗಿ, ಅದೇ ಮುಖ ತೋರಿಸಿ, ಅದೇ ಮಗಳನ್ನು ನಂಬಿಸುತ್ತಾನೆ. ಇಬ್ಬರೂ ಮೇಷ್ಟ್ರೇ. ನೋಡುವವರಿಗೆ ಇರುವುದು ಒಂದೇ ಗುರುತು: ಸಾಧು ಅಪ್ಪ ವಾಚನ್ನು ಎಡಗೈಗೆ ಕಟ್ಟುತ್ತಾನೆ, ಮೋಸಗಾರ ಬಲಗೈಗೆ. ಇಡೀ ಸೀಸನ್ ನಿಂತಿದ್ದು ಆ ವಾಚಿನ ಮೇಲೆ.

ಅದರ ಹೊರತಾಗಿ ಈ ಸೀಸನ್‌ನಲ್ಲಿ ಯಾವುದೂ ಸರಿಯಾಗಿ ನಿಂತಿರಲಿಲ್ಲ. ಒಡೆದ ಕಪ್ಪಿನ ಬಿರುಕು ಮುಂದಿನ ಕಂತಿನಲ್ಲಿ ಮಾಯವಾಯಿತು. ಮಗನ ಎಡ ಮೊಣಕಾಲಿನ ಗಾಯ ಬಲ ಮೊಣಕಾಲಿಗೆ ಹೋಯಿತು. ಕಲ್ಲಕ್ಕ ಪ್ರತಿ ಸಲ ಹೇಳಿದಳು. ನಿರ್ದೇಶಕ ಪ್ರತಿ ಸಲ ನಕ್ಕ. "ಬಿಡಿ ಅಕ್ಕ, ಅದು ಮೂರನೇ ವಿಶ್ವದ ಮೊಣಕಾಲು ಅಂದ್ರಾಯ್ತು. ನಮ್ಮ ಕಥೇಲಿ ತಪ್ಪು ಅನ್ನೋದೇ ಇಲ್ಲ, ಇನ್ನೊಂದು ಲೋಕ ಇದೆ ಅಷ್ಟೇ." ಬೇರೆ ಧಾರಾವಾಹಿಗಳಲ್ಲಿ ಅವಳ ಮಾತಿಗೆ ಬೆಲೆಯಿತ್ತು. ಇಲ್ಲಿ ಅವಳದು ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸ.

"ಮುಂದೆ ಹಾಕು," ಎಂದಳು.

ಅದು ಬೀಳ್ಕೊಡುವ ದೃಶ್ಯ. ಇದಾದ ಮೇಲೆ ಅಪ್ಪ ಮೋಸಗಾರನನ್ನು ತಡೆಯಲು ಆಚೆ ಹೋಗುತ್ತಾನೆ, ಅಲ್ಲಿಂದ ಓಡಿ ಬರುವ ಮೋಸಗಾರನ ಮುಖಕ್ಕೆ ಮಗಳು ಬಾಗಿಲು ಹಾಕುತ್ತಾಳೆ. ಬಾಗಿಲು ಶಾಶ್ವತವಾಗಿ ಮುಚ್ಚುವ ಮುನ್ನ ಈಚೆ ಮನೆಯ ಅಪ್ಪ ತನ್ನ ವಾಚು ಬಿಚ್ಚಿ ಮಗಳ ಕೈಗೆ ಕಟ್ಟುತ್ತಾನೆ. ಪಟ್ಟಿಯ ಮುಳ್ಳು ಎರಡು ಸಲ ತೂತು ತಪ್ಪಿತು. ಅದು ಅಭಿನಯವೋ ಬೆರಳಿನ ನಡುಕವೋ ಎಂದು ಸೆಟ್‌ನಲ್ಲಿ ಯಾರೂ ಕೇಳಿರಲಿಲ್ಲ. ಮುಳ್ಳು ಕೂತ ಮೇಲೆ ಮೇಷ್ಟ್ರು ಹೇಳಿದರು: "ಇದು ಐದು ನಿಮಿಷ ಮುಂದಿದೆ. ಸರಿ ಮಾಡ್ಬೇಡ. ನಿಮ್ಮಪ್ಪ ಯಾವಾಗ್ಲೂ ಸ್ವಲ್ಪ ಮುಂಚೆನೇ ಬರ್ತಿದ್ದ ಅಂತ ನೆನಪಿರ್ಲಿ."

ಒಂದೇ ಕ್ಯಾಮೆರಾ, ಒಂದೇ ಶಾಟ್, ನಡುವೆ ಕಡಿತವಿಲ್ಲ. ಮರುದಿನ ಮೇಷ್ಟ್ರು ಆಸ್ಪತ್ರೆಗೆ ಸೇರಿದರು. ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕೆಂದು ವೈದ್ಯರು ಮೊದಲೇ ಹೇಳಿದ್ದರು. ದೃಶ್ಯ ತೆಗೆದ ದಿನ ಸೆಟ್‌ನಿಂದ ಹೊರಡುವಾಗ ಮೇಷ್ಟ್ರು ಕಲ್ಲಕ್ಕನ ಹತ್ತಿರ ನಿಂತಿದ್ದರು. "ಈ ಗಂಟಲಿಂದ ಕ್ಯಾಮೆರಾ ಮುಂದೆ ಹೊರಟ ಕೊನೇ ಮಾತಮ್ಮ ಅದು. ಸುಳ್ಳಾಗದ ಹಾಗೆ ನೋಡ್ಕೋ."

ಬಲಗೈಯಿಂದ ಬಿಚ್ಚಿದ ವಾಚು ಅದನ್ನು ಸುಳ್ಳು ಮಾಡಿತ್ತು. ನೋಡುವವರ ಲೆಕ್ಕದಲ್ಲಿ ಮಗಳನ್ನು ಬೀಳ್ಕೊಟ್ಟವನು ಮೋಸಗಾರ.

ಹೇಗಾಯಿತೆಂದು ನೆನಪಿಸಿಕೊಳ್ಳಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಎರಡು ಮನೆಗಳಿಗೂ ಇದ್ದದ್ದು ಒಂದೇ ಸೆಟ್. ಬಡಗಿಗಳು ಗಾಲಿಯ ಮೇಲಿನ ಗೋಡೆಗಳನ್ನು ತಳ್ಳಿ ಬಾಗಿಲನ್ನು ಬಲಕ್ಕೂ ಕಿಟಕಿಯನ್ನು ಎಡಕ್ಕೂ ತಂದರೆ ಅದು ಆಚೆ ಮನೆ. ಮನೆ ಬದಲಾದಾಗಲೆಲ್ಲ ಕಲ್ಲಕ್ಕ "ಮೇಷ್ಟ್ರೇ, ವಾಚು" ಎನ್ನುತ್ತಿದ್ದಳು, ಅವರು ಕೈ ಬದಲಿಸುತ್ತಿದ್ದರು. ಆ ದಿನ ಗೋಡೆಯ ಗಾಲಿ ಮುರಿದಿತ್ತು. ಬೆಳಿಗ್ಗೆ ತೆಗೆಯಬೇಕಿದ್ದ ಆಚೆ ಮನೆಯ ದೃಶ್ಯಗಳನ್ನು ಈಚೆ ಮನೆಯಲ್ಲೇ ತೆಗೆದು, ಚಿತ್ರವನ್ನು ಕನ್ನಡಿಯಂತೆ ಮಗುಚುವುದು ಎಂದಾಯಿತು. ಮಗುಚಿದರೆ ಎಡಗೈ ಬಲಗೈಯಾಗಿ ಕಾಣುತ್ತದೆ. ಆದ್ದರಿಂದ ಮೋಸಗಾರನ ದೃಶ್ಯಕ್ಕೂ ವಾಚು ಎಡಗೈಯಲ್ಲೇ ಇರಲಿ ಎಂದವಳು ಕಲ್ಲಕ್ಕನೇ. ಅಲ್ಲಿಯವರೆಗೆ ಲೆಕ್ಕ ಸರಿಯಿತ್ತು. ಊಟವಾದ ಮೇಲೆ ಈಚೆ ಮನೆಯ ದೃಶ್ಯ. ಅದನ್ನು ಮಗುಚುವುದಿಲ್ಲವಾದ್ದರಿಂದ ಆ ದಿನ ಮಾತ್ರ ವಾಚು ಇದ್ದ ಎಡಗೈಯಲ್ಲೇ ಇರಬೇಕಿತ್ತು.

"ಮೇಷ್ಟ್ರೇ, ವಾಚು," ಎಂದಿದ್ದಳು.

"ಇದನ್ನೂ ಬದಲಿಸ್ಬೇಕಾ?" ಎಂದು ಅವರು ಕೇಳಿದ್ದರು.

"ಮನೆ ಬದಲಾಯ್ತಲ್ಲ."

ಅವರು ಬದಲಿಸಿದರು. ಸೀಸನ್ ಉದ್ದಕ್ಕೂ ಅವಳ ಮಾತು ಕೇಳಿದ್ದು ಅವರೊಬ್ಬರೇ.

ಸಂಜೆಯ ಹೊತ್ತಿಗೆ ನಿರ್ದೇಶಕ ಬಂದ. ದೃಶ್ಯವನ್ನು ನಿಂತೇ ನೋಡಿ, ಕುರ್ಚಿ ಎಳೆದು ಕೂತು ಮತ್ತೊಮ್ಮೆ ನೋಡಿದ. ಬೈಗುಳಕ್ಕೆ ಕಲ್ಲಕ್ಕ ತಯಾರಾಗಿದ್ದಳು. ಅವನ ಮುಖ ಅರಳಿತು.

"ಅಕ್ಕ, ಇದನ್ನ ನೀವು ಬೇಕಂತ ಮಾಡಿದ್ರಾ?"

"ತಪ್ಪು ಸಾರ್. ನನ್ನದೇ ತಪ್ಪು."

"ಎಂಥ ತಪ್ಪು! ಚಾನೆಲ್‌ನವರು ತಿಂಗಳಿಂದ ಕೊನೇಲಿ ಒಂದು ತಿರುವು ಬೇಕು ಅಂತ ಪ್ರಾಣ ತಿಂತಿದ್ದಾರೆ. ಮಗಳು ಮೋಸಗಾರನ ಹತ್ರ ಅತ್ತು, ನಿಜವಾದ ಅಪ್ಪನ ಮುಖಕ್ಕೆ ಬಾಗಿಲು ಹಾಕಿದಳು. ನಾಲ್ಕನೇ ಸೀಸನ್ ಇಲ್ಲೇ ಇದೆ."

"ಮೇಷ್ಟ್ರು ಅದನ್ನ ಮೋಸಗಾರ ಅಂತ ಮಾಡಿಲ್ಲ ಸಾರ್. ಮೋಸಗಾರ ಮಾತಾಡೋವಾಗ ಅವರು ರೆಪ್ಪೆ ಬಡಿಯೋದಿಲ್ಲ. ಇಲ್ಲಿ ನೋಡಿ, ಬಡೀತಿದ್ದಾರೆ."

"ರೆಪ್ಪೆ ಯಾರು ಎಣಿಸ್ತಾರೆ? ವಾಚು ನೋಡ್ತಾರೆ. ನೋಡೋಕೆ ನಾವೇ ಕಲಿಸಿದ್ದು."

ಅದು ನಿಜವಾದ್ದರಿಂದಲೇ ಅವಳಿಗೆ ಮೈ ಉರಿಯಿತು. "ಚಿತ್ರ ಮಗುಚೋಣ," ಎಂದಳು.

ಕತ್ತರಿ ಗುಂಡಿ ಒತ್ತಿದ. ವಾಚು ಎಡಗೈಗೆ ಬಂತು. ಅದರ ಜೊತೆಗೇ ಬಾಗಿಲು ಬಲಕ್ಕೆ ಹೋಯಿತು, ಕಿಟಕಿ ಎಡಕ್ಕೆ ಬಂತು. ಅಪ್ಪ ಸರಿಯಾದ, ಮನೆ ಆಚೆಯದಾಯಿತು. ಆಚೆ ಮನೆ ಹಿಂದಿನ ಕಂತಿನಲ್ಲೇ ಸುಟ್ಟು ಬೂದಿಯಾಗಿತ್ತು.

"ಬೂದೀಲಿ ಕೂತು ಮಾತಾಡ್ತಿದ್ದಾರೆ," ಎಂದ ಕತ್ತರಿ.

ಕಲ್ಲಕ್ಕ ಗ್ರಾಫಿಕ್ಸ್‌ನವರಿಗೆ ಫೋನ್ ಮಾಡಿದಳು. ಗೋಡೆಯ ಮೇಲಿನ ಗಡಿಯಾರವಾಗಿದ್ದರೆ ಬೆಳಗಾಗುವುದರೊಳಗೆ ಅಳಿಸಿಕೊಡುತ್ತಿದ್ದೆವು ಎಂದರು ಅವರು. ಇಲ್ಲಿ ಒಂದು ಕೈ ಇನ್ನೊಂದರ ಮೇಲೆ ಹೋಗುತ್ತದೆ, ಪಟ್ಟಿ ಬಳುಕುತ್ತದೆ, ಬೆರಳು ನಡುಗುತ್ತವೆ, ಹುಡುಗಿಯ ಕೈ ನಡುವೆ ಬರುತ್ತದೆ. ಒಂದೊಂದು ಚಿತ್ರವನ್ನೂ ಕೈಯಿಂದ ತಿದ್ದಬೇಕು. ತಿಂಗಳು ಬೇಕು. ಕಂತು ಚಾನೆಲ್‌ಗೆ ಹೋಗಬೇಕಾದದ್ದು ನಾಳೆ ಸಂಜೆ.

"ಮುಖದ ಹತ್ತಿರಕ್ಕೆ ಹೋಗಬಹುದು," ಎಂದ ಕತ್ತರಿ. ಚೌಕಟ್ಟನ್ನು ಕಿರಿದು ಮಾಡಿ ತೋರಿಸಿದ. ಕೈಗಳು ಹೊರಗೆ ಉಳಿದವು, ಪರದೆಯ ತುಂಬ ಮುಖ. ಚಿತ್ರ ಸ್ವಲ್ಪ ಮಸುಕಾಯಿತು. ಮುಳ್ಳು ತೂತು ತಪ್ಪುವ ಸಣ್ಣ ಸದ್ದು ಕೇಳುತ್ತಿತ್ತು, ಯಾವುದರ ಸದ್ದು ಎಂದು ಕಾಣುತ್ತಿರಲಿಲ್ಲ. ಮುಂದಿನ ದೃಶ್ಯದಲ್ಲಿ ವಾಚು ಮಗಳ ಕೈಯಲ್ಲಿರುವುದರಿಂದ ಕಥೆಗೆ ಕುಂದಿಲ್ಲ.

ಮೂವರೂ ನೋಡಿದರು. ಮೇಷ್ಟ್ರು ಆ ದೃಶ್ಯವನ್ನು ಮಾಡಿದ್ದು ಕೈಗಳಲ್ಲಿ. ಅದು ಕಲ್ಲಕ್ಕನಿಗೂ ಗೊತ್ತು.

"ಅವರ ಕೈ ಕತ್ತರಿಸೋ ಪಾಪ ನನಗೆ ಬೇಡ," ಎಂದು ನಿರ್ದೇಶಕ ಎದ್ದ. "ಕಂಬಳೀಲಿ ಕೂತು ಊಟ ಮಾಡ್ತಾ ಕೂದಲು ಹುಡುಕ್ಬೇಡಿ ಅಕ್ಕ. ಇರೋದು ಹಾಗೇ ಹೋಗ್ಲಿ, ಜನ ಕೈಯನ್ನೂ ನೋಡ್ತಾರೆ, ತಿರುವೂ ಸಿಗುತ್ತೆ."

"ಅವರ ಕೊನೇ ಮಾತು ಸಾರ್ ಅದು."

"ಹಾಗಾದ್ರೆ ಅವರನ್ನೇ ಕೇಳಿ. ಮೇಷ್ಟ್ರೇ ಕತ್ತರಿಸು ಅಂದ್ರೆ ಕತ್ತರಿಸೋಣ. ನಟ ಆದವನು ಯಾವನೂ ಅನ್ನಲ್ಲ. ನಾಳೆ ಮಧ್ಯಾಹ್ನದವರೆಗೆ ಕಾಯ್ತೀನಿ."

ಮನೆಯಲ್ಲಿ ಅವಳ ಅಮ್ಮ ಟಿ.ವಿ. ಮುಂದೆ ಬಟ್ಟೆ ಮಡಚುತ್ತಿದ್ದರು. 'ಆಚೆ ಮನೆ'ಯ ಒಂದು ಕಂತನ್ನೂ ಬಿಟ್ಟವರಲ್ಲ. ಕಲ್ಲಕ್ಕ ಚಪ್ಪಲಿ ಬಿಡುತ್ತಲೇ ಕೇಳಿದಳು: "ಅಮ್ಮ, ಅಪ್ಪ ತುಂಬ ಪ್ರೀತಿಯಿಂದ ಮಾತಾಡ್ತಾನೆ, ಕಣ್ಣಲ್ಲಿ ನೀರು ಬರೋ ಹಾಗೆ. ಆದ್ರೆ ವಾಚು ಬಲಗೈಲಿದೆ. ಏನಂತೀಯ?"

"ಏನನ್ನೋದು? ಕಳ್ಳ. ಅಷ್ಟು ಪ್ರೀತಿ ತೋರಿಸ್ತಿದ್ದಾನೆ ಅಂದ್ರೆ ಇನ್ನೂ ದೊಡ್ಡ ಕಳ್ಳ."

"ವಾಚು ತಪ್ಪಿ ಆ ಕೈಗೆ ಬಂದಿದ್ರೆ?"

"ತಪ್ಪಿ ಹೇಗೆ ಬರುತ್ತೆ? ಅದನ್ನ ನೋಡೋಕೆ ನೀನಿದ್ದೀಯಲ್ಲ," ಎಂದು ಅಮ್ಮ ಟವೆಲ್ಲಿನ ಅಂಚು ಸರಿ ಮಾಡಿದರು.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಮೇಷ್ಟ್ರು ದಿಂಬಿಗೆ ಒರಗಿ ಕೂತಿದ್ದರು. ಗಂಟಲಿಗೆ ಬಿಳಿ ಪಟ್ಟಿ, ಅದರ ನಡುವೆ ಉಸಿರಿನ ಕೊಳವೆ. ಅವರ ಹೆಂಡತಿ ಕುರ್ಚಿಯನ್ನು ಇವಳಿಗೆ ಬಿಟ್ಟುಕೊಟ್ಟು ಮಂಚದ ತುದಿಯಲ್ಲಿ ಕೂತರು.

"ಬಾ ಮಗಳೇ. ನಮ್ಮ ಯಜಮಾನ್ರು ಮದುವೆಯಾದಾಗಿನಿಂದ ನನಗೆ ಮಾತಾಡೋಕೆ ಬಿಟ್ಟಿರ್ಲಿಲ್ಲ. ಈಗ ನನ್ನ ಸರದಿ. ಮೊನ್ನೆಯಿಂದ ಒಂದಕ್ಕೂ ಎದುರು ಮಾತಿಲ್ಲ."

ಮೇಷ್ಟ್ರು ಕಣ್ಣುಗಳನ್ನು ಸೂರಿನ ಕಡೆ ಎತ್ತಿದರು.

"ನೋಡು, ಕಣ್ಣಲ್ಲೇ ಬೈತಾರೆ," ಎಂದರು ಹೆಂಡತಿ. ನಗುತ್ತ ಹೇಳಿದ್ದು, ಕೈ ಮಾತ್ರ ಗಂಡನ ಪಾದದ ಮೇಲಿಂದ ಕದಲಲಿಲ್ಲ.

ಕಲ್ಲಕ್ಕ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಒಂದೂ ಉಪಯೋಗಕ್ಕೆ ಬರಲಿಲ್ಲ. ಫೋನಿನಲ್ಲಿ ದೃಶ್ಯ ಹಾಕಿ ಅವರ ಕೈಗೆ ಕೊಟ್ಟಳು. ತಮ್ಮ ಧ್ವನಿ ಕೇಳಿದಾಗ ಮೇಷ್ಟ್ರು ಒಮ್ಮೆ ಕಣ್ಣು ಮುಚ್ಚಿ ತೆರೆದರು. ಹೆಂಡತಿ ಕಿಟಕಿಯ ಕಡೆ ತಿರುಗಿದರು. ದೃಶ್ಯ ಮುಗಿಯುವ ಮುಂಚೆಯೇ ಮೇಷ್ಟ್ರು ತಮ್ಮ ಬಲಗೈಯ ಮಣಿಕಟ್ಟನ್ನು ಮೇಲೆತ್ತಿ, ಅದನ್ನು ನೋಡಿ, ಅವಳನ್ನು ನೋಡಿದರು.

"ಹೌದು ಮೇಷ್ಟ್ರೇ. ನೀವು ಕೇಳಿದ್ರಿ. ನಾನು ಬದಲಿಸಿ ಅಂದೆ."

ಅವರು ಬೆರಳಿನಿಂದ ಅವಳನ್ನು ತೋರಿಸಿ, ಆಮೇಲೆ ತಮ್ಮನ್ನೂ ತೋರಿಸಿಕೊಂಡರು. ತಪ್ಪಿನಲ್ಲಿ ಅರ್ಧ ಪಾಲು ಕೇಳುವ ಆ ಔದಾರ್ಯ ಅವಳಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಇರುವ ಎರಡು ದಾರಿಗಳನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಇದ್ದ ಹಾಗೆ ಬಿಟ್ಟರೆ ಕೈ ಉಳಿಯುತ್ತವೆ, ಆದರೆ ಮಾತಾಡಿದವನು ಮೋಸಗಾರ ಎಂದಾಗುತ್ತದೆ. ಮುಖ ಮಾತ್ರ ಉಳಿಸಿದರೆ ಅಪ್ಪ ಸಾಧುವಾಗಿಯೇ ಉಳಿಯುತ್ತಾನೆ, ಕೈ ಹೋಗುತ್ತವೆ.

"ಕೈ ತೆಗೆದ್ರೆ ಇವರಲ್ಲಿ ಉಳಿಯೋದೇನು?" ಎಂದರು ಹೆಂಡತಿ. "ಮಾತು ಹೋಯ್ತು. ಇನ್ನು ಮೇಲೆ ಕೈಯಲ್ಲೇ ಮಾತಾಡ್ಬೇಕು. ಅದನ್ನೂ ಕತ್ತರಿಸೋಕೆ ಬಂದೆಯಾ?"

"ನನಗೂ ಇಷ್ಟ ಇಲ್ಲಮ್ಮ."

"ಇಷ್ಟ ಇಲ್ದೆ ಇಷ್ಟು ದೂರ ಯಾಕೆ ಬಂದೆ?"

 ವಿಶ್ವಗಳನ್ನು ಬೇಕಾದಷ್ಟು ಹುಟ್ಟಿಸುವ ಕಥೆಯಲ್ಲಿ ಒಬ್ಬ ಮುದುಕನ ಕೈ, ಮಾತು ಎರಡೂ ಒಟ್ಟಿಗೆ ಉಳಿಯುವ ವಿಶ್ವ ಒಂದೂ ಇರಲಿಲ್ಲ. ಯಾರ ಮೇಲೆ ಸಿಟ್ಟಾಗಬೇಕೆಂದು ಕಲ್ಲಕ್ಕ ಹುಡುಕಿದರೆ ಸಿಟ್ಟು ತಿರುಗಿ ತಿರುಗಿ ಅವಳ ಬಳಿಗೇ ಬರುತ್ತಿತ್ತು.

ಮೇಷ್ಟ್ರು ಮತ್ತೆ ಫೋನ್ ತೆಗೆದುಕೊಂಡರು. ಮೊದಲಿನಿಂದ ಹಾಕಿ, ಅಂಗೈಯಿಂದ ಪರದೆಯ ಕೆಳಭಾಗ ಮುಚ್ಚಿದರು. ಮುಖವಷ್ಟೇ ಕಾಣುತ್ತಿತ್ತು. ಕೊನೆಯ ಮಾತಿನವರೆಗೂ ಹಾಗೇ ನೋಡಿದರು. ಅಂಗೈ ತೆಗೆದು ಇನ್ನೊಮ್ಮೆ ನೋಡಿದರು. ಮುಳ್ಳು ತೂತು ತಪ್ಪುವ ಕಡೆ ನಿಲ್ಲಿಸಿದರು. ಆ ನಿಂತ ಚಿತ್ರವನ್ನು ನೋಡಿದಷ್ಟು ಹೊತ್ತು ಅವರು ಬೇರಾವುದನ್ನೂ ನೋಡಲಿಲ್ಲ. ತಾವು ಮಾಡಿದ್ದು ಚೆನ್ನಾಗಿದೆ ಎಂದು ಅವರಿಗೆ ಗೊತ್ತಿತ್ತು.

ಫೋನನ್ನು ಅವಳ ಮಡಿಲಿಗೆ ಹಾಕಿದರು. ಆಮೇಲೆ ಎರಡೂ ಕೈಗಳನ್ನು ಹೊದಿಕೆಯ ಒಳಗೆ ಸರಿಸಿದರು.

"ಚಳಿಯಾಗ್ತಿದೆಯಾ?" ಎಂದು ಹೆಂಡತಿ ಹೊದಿಕೆಯನ್ನು ಎದೆಯವರೆಗೆ ಎಳೆದರು.

ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿದರು. ಕಣ್ಣು ಕಲ್ಲಕ್ಕನ ಮೇಲಿತ್ತು. ಕೈಗಳು ಹೊರಗೆ ಬರಲಿಲ್ಲ. ಬಿಳಿ ಹೊದಿಕೆಯ ಮೇಲೆ ಮುಖ ಒಂದೇ ಇತ್ತು, ಮತ್ತು ಆ ಮುಖ ರೆಪ್ಪೆ ಬಡಿಯುತ್ತಿತ್ತು.

ಹೆಂಡತಿಗೂ ಅರ್ಥವಾಯಿತು. "ಹಠಮಾರಿ," ಎಂದರು ಮೆಲ್ಲಗೆ.

ಕಲ್ಲಕ್ಕ ಕೂತಲ್ಲಿಂದಲೇ ಫೋನ್ ಮಾಡಿದಳು. ಕತ್ತರಿ ಎತ್ತಿದ. ಅವನ ಪಕ್ಕದಿಂದ ನಿರ್ದೇಶಕ "ಏನಂದ್ರಂತೆ?" ಎಂದು ಕೇಳುತ್ತಿದ್ದುದು ಇವಳಿಗೆ ಕೇಳಿಸಿತು.

"ಕತ್ತರಿಸು ಅಂದ್ರು," ಎಂದಳು.

ಕತ್ತರಿ ಅದನ್ನು ಪಕ್ಕದವನಿಗೆ ಹೇಳಿದ. ಆಮೇಲೆ ನಿರ್ದೇಶಕನ ಧ್ವನಿ: "ಸರಿ. ಮಾತು ಅಂದ್ರೆ ಮಾತು. ನಾಲ್ಕನೇ ಸೀಸನ್‌ಗೆ ಬೇರೆ ಏನಾದ್ರೂ ತಪ್ಪು ಮಾಡಿಕೊಡೋಕೆ ಹೇಳು ಅಕ್ಕನಿಗೆ."

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಎಲ್ಲಿವರೆಗೆ ಬಿಡಲಿ ಅಕ್ಕ?" ಎಂದು ಕತ್ತರಿ ಕೇಳಿದ. "ಗಲ್ಲದವರೆಗಾ?"

ಅವಳು ಮಂಚದ ಕಡೆ ನೋಡಿದಳು. ಹೊದಿಕೆಯ ಅಂಚು, ಅದರ ಮೇಲೆ ಬಿಳಿ ಪಟ್ಟಿ.

"ಸ್ವಲ್ಪ ಕೆಳಗೆ. ಗಂಟಲು ಕಾಣ್ಲಿ."