ಸೋಲಾರ್ ಫಲಕಕ್ಕೆ ಹೊದಿಸಿದ ಕಂಬಳಿ

೨೦೦೧ರ ಮಾರ್ಚ್. ದೂರದೂರಿನ ಹವ್ಯಾಸಿಗಳೊಡನೆ ಮಾತಾಡುವ ಹ್ಯಾಮ್ ರೇಡಿಯೊ ಸೆಟ್ಟನ್ನೂ ಒಂದು ಸೋಲಾರ್ ಫಲಕವನ್ನೂ ಹೊತ್ತು ನಾನು ಬ್ರಹ್ಮಗಿರಿ ಹತ್ತಿದ್ದೆ. “ಕಾರಿನ ಬ್ಯಾಟ್ರಿ ಇಲ್ದೆ ನಿನ್ನ ಸೆಟ್ಟು ಉಸ್ರೂ ಬಿಡಲ್ಲ ಕಣಲೇ” ಎಂದು ಹ್ಯಾಮ್ ಗೆಳೆಯ ಚಂದ್ರಣ್ಣ ಚಳ್ಳಕೆರೆಯಲ್ಲಿ ನಕ್ಕಿದ್ದ. ಆ ನಗು ಬೆಟ್ಟದ ತುದಿಯವರೆಗೂ ನನ್ನನ್ನು ಕುಟುಕಿತ್ತು.

ಫಲಕವನ್ನು ಬಿಸಿಲಿಗಿಟ್ಟು, ತಂತಿ ಎಳೆದು, ಬಂಡೆಯ ಮರೆಯಲ್ಲಿ ಕೂತು ಸೆಟ್ಟಿಗೆ ಜೋಡಿಸಿದೆ. ದೀಪ ಹೊತ್ತಿತು. ಏರಿಯಲ್ ಕಟ್ಟಿ ಮೈಕ್ ಎತ್ತುವಷ್ಟರಲ್ಲಿ ಆರಿಹೋಯಿತು! ಬೆಸುಗೆ ಹಾಕಿದ ನನ್ನ ಕೈಯನ್ನೇ ಬೈಯುತ್ತಾ ಬಂಡೆ ಸುತ್ತಿ ಬಂದರೆ, ಫಲಕದ ಮೇಲೆ ಕರಿ ಕಂಬಳಿ. ಪಕ್ಕದಲ್ಲಿ ಕುರಿ ಕಾಯುವ ಮುದುಕಿ ಸೂರಮ್ಮ.

“ಬಿಸ್ಲಿಗೆ ಗಾಜು ಸೀಳ್ತೈತೆ ಅಂತ ನಾನೇ ಹೊದಿಸ್ದೆ ಕಣಪ್ಪ.”

“ಅಯ್ಯೋ ಅವ್ವಾ, ಅದರ ಊಟಾನೇ ಬಿಸ್ಲು!” ಎಂದು ಕಿರುಚಿ ಕಂಬಳಿ ಎಳೆದುಹಾಕಿದೆ. ಸೆಟ್ಟನ್ನೂ ಫಲಕದ ಪಕ್ಕಕ್ಕೇ ತಂದಿಟ್ಟು ಬಿಸಿಲಲ್ಲೇ ಕೂತೆ. ದೀಪ ಮತ್ತೆ ಹೊತ್ತಿತು. ನಾನು ಕರೆದಿದ್ದೇ ತಡ, ಚಳ್ಳಕೆರೆಯಿಂದ ಚಂದ್ರಣ್ಣನ ದನಿ ಬಂತು.

“ಲೇ, ಪಕ್ಕದಾಗೆ ನಿಂತಂಗೆ ಕೇಳ್ತೈತೆ! ಎಷ್ಟು ಬ್ಯಾಟ್ರಿ ಹೊತ್ಕೊಂಡು ಹೋಗಿದೀಯಾ?”

“ಒಂದೂ ಇಲ್ಲ ಕಣಲೇ! ನೆತ್ತಿ ಮೇಲಿರೋ ಸೂರ್ಯ ಒಬ್ಬನೇ!”

ಸೂರಮ್ಮ ಕಂಬಳಿ ಕೊಡವಿ ನನ್ನ ತಲೆಗೆ ಕೊಪ್ಪೆ ಹಾಕಿದಳು.

“ಅದು ಉಣ್ಲಿ. ನೀನು ನೆಳ್ಳಾಗೆ ಕೂತು ಮಾತಾಡು.”