ಬೆಟ್ಟಣ್ಣನ ಸೀಟು

"ಹೊಟ್ಟೆ ತುಂಬ ಡೀಸೆಲ್ ಹಾಕಿದೀನಿ, ಆಯಿಲ್ ನೋಡಿದೀನಿ, ಮೈ ಒರೆಸಿದೀನಿ. ಇನ್ನೂ ಏನು ಬೇಕಂತೆ ಇದಕ್ಕೆ?"

ಬೆಟ್ಟಣ್ಣ ಕೇಳಿದ್ದು ಯಾರನ್ನೂ ಅಲ್ಲ. ಲೋಡರಿನ ಪಂಜರದಂಥ ಕ್ಯಾಬಿನ್ನಿನಲ್ಲಿ ಕೂತು, ಮುಂದೆ ನೆಲಕ್ಕೊರಗಿದ್ದ ಬಕೆಟ್ಟಿನ ಕಡೆ ಮುಖ ಮಾಡಿ ಕೇಳಿದ್ದ. ಕೇಳಿ ಮತ್ತೆ ಕೀಲಿ ತಿರುಗಿಸಿದ. ಎಂಜಿನ್ನು ಗುರ್ ಗುರ್ ಎಂದು ಸುತ್ತಿತು, ಸುತ್ತುತ್ತಲೇ ಇತ್ತು, ಹತ್ತಿಕೊಳ್ಳಲಿಲ್ಲ. ಪದ್ಯದ ಮೊದಲ ಸಾಲನ್ನೇ ನಾಲ್ಕು ಸಲ ಹೇಳಿ, ಎರಡನೆಯದು ನಾಲಿಗೆಗೆ ಬಾರದೆ ನಿಂತವರ ಹಾಗೆ ಕೊನೆಗೆ ಸುಮ್ಮನಾಯಿತು.

ಹಿಂದೆ ಎಂಜಿನ್ನಿನ ಬಾಗಿಲು ತೆರೆದುಕೊಂಡು ಕಾಂಕ್ರೀಟಿನ ಮೇಲೆ ಮಂಡಿಯೂರಿದ್ದ ಮೆಕ್ಯಾನಿಕ್ ತಲೆ ಎತ್ತಲಿಲ್ಲ. ಅವನು ಬೆಟ್ಟಣ್ಣನ ಹೆಂಡತಿಯ ತಮ್ಮ. ಈ ಡೈರಿಯ ಯಂತ್ರಗಳಿಗೆಲ್ಲ ಹದಿನಾಲ್ಕು ವರ್ಷದಿಂದ ಅವನೇ ವೈದ್ಯ. ಚಕ್ರ ಹೊರಳಿಸದೆ ನಿಂತಲ್ಲೇ ಮೈ ತಿರುಗಿಸುವ ಈ ಪುಟ್ಟ ಲೋಡರು ಕೊಟ್ಟಿಗೆಯ ಸಾಲುಗಳ ನಡುವೆ ಸೆಗಣಿ ಬಾಚುತ್ತ, ಮೇವು ತಳ್ಳುತ್ತ ಓಡಾಡುವುದನ್ನು ಅವನು ಕಣ್ಣು ಮುಚ್ಚಿಕೊಂಡೂ ಕೇಳಬಲ್ಲ. ಅದರ ಮೇಲೆ ಕೂತ ಭಾವ ಬಾಯಿಪಾಠದ ಪದ್ಯಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾನೆ; ಎಂಜಿನ್ನಿನ ಸದ್ದಿನಲ್ಲಿ ಒಂದಕ್ಷರವೂ ಹೊರಗೆ ಬಾರದು, ತುಟಿ ಆಡುವುದಷ್ಟೇ ಕಾಣುತ್ತದೆ. ನಾಲ್ಕು ತಿಂಗಳಿಂದ ಅದೂ ಕಂಡಿರಲಿಲ್ಲ.

ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ ಎಂದು ಹೋದ ನಾಲ್ಕು ತಿಂಗಳು ಅವು. ಇಂದು ಬೆಟ್ಟಣ್ಣ ಕೆಲಸಕ್ಕೆ ಮರಳಿದ ಮೊದಲ ಬೆಳಗು. ಮೇಲ್ವಿಚಾರಕಿ ಗೇಟಿನಲ್ಲೇ ಎದುರಾಗಿ ಹೇಳಿದ್ದಳು: "ಹಾಲು ಕರೆದು ದನ ವಾಪಸ್ ಬರೋದ್ರೊಳಗೆ ಒಂದು ಸಾಲು ಬಾಚಿ ತೋರಿಸಿ, ಸಾಕು. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಇಲ್ಲೇ ಒಂದು ಕುರ್ಚಿ ಹಾಕಿಸ್ತೀನಿ. ಬಂದು ಹೋಗೋ ಗಾಡಿ ನಂಬರ್ ಬರ್ಕೊಂಡು ಕೂತಿರಿ." ಪ್ರೀತಿಯಿಂದಲೇ ಹೇಳಿದ್ದಳು. ಅದಕ್ಕೇ ಅದು ಹೆಚ್ಚು ಚುಚ್ಚಿತ್ತು.

"ಹೊಗೆ ಬರ್ತಿದೆಯೇನೋ?" ಬೆಟ್ಟಣ್ಣ ಒಳಗಿಂದ ಕೂಗಿದ.

"ಒಂದೆಳೆ ಇಲ್ಲ ಭಾವ."

"ಹಂಗಾದ್ರೆ ಹೊಟ್ಟೆಗೆ ಹೋಗ್ತಾ ಇಲ್ಲ."

"ಅದು ನಂಗೂ ಗೊತ್ತು. ಯಾಕೆ ಹೋಗ್ತಿಲ್ಲ ಅನ್ನೋದು ಗೊತ್ತಾಗ್ಬೇಕು."

ಡೀಸೆಲ್ ಎಂಜಿನ್ನು ಸುತ್ತುವಾಗ ಹೊಗೆಯೇ ಕಾಣದಿದ್ದರೆ ಒಳಗೆ ಡೀಸೆಲ್ಲೇ ಇಲ್ಲ ಎಂದು ಅರ್ಥ. ಮೆಕ್ಯಾನಿಕ್ ಒಂದೊಂದಾಗಿ ನೋಡಿದ. ಫಿಲ್ಟರ್ ಹೊಸದು. ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಬಿರುಕಿಲ್ಲ. ಪಂಪಿನವರೆಗೆ ಡೀಸೆಲ್ ಬಂದಿದೆ, ಪಂಪಿನಿಂದಾಚೆಗೆ ಹನಿಯಿಲ್ಲ. ನಡುವೆ ಇರುವುದು ಸೊಲೆನಾಯ್ಡ್ ಒಂದೇ. ಕೀಲಿ ತಿರುಗಿಸಿದೊಡನೆ 'ಟಿಕ್' ಎಂದು ದಾರಿ ಬಿಡುವ ಬಾಗಿಲು ಕಾಯುವವನು. ಮೆಕ್ಯಾನಿಕ್ ಕಿವಿ ಒಡ್ಡಿ ಹೇಳಿದ, "ಕೀಲಿ ಹಾಕಿ."

ಟಿಕ್ ಎನ್ನಲಿಲ್ಲ.

"ನಿನ್ನೆ ಸಂಜೆವರೆಗೂ ಓಡಿದೆಯಂತೆ," ಎಂದ ಬೆಟ್ಟಣ್ಣ. ನಿನ್ನೆಯವರೆಗೆ ಓಡಿಸಿದವನು ಬದಲಿ ಚಾಲಕ; ಬಾಗಿಲಿಗೆ ಅಡ್ಡ ನಿಂತರೆ ಕೋಣೆಗೆ ಬೆಳಕು ಬಾರದಂಥ ಆಳು. "ಅವನಿಗೆ ಬಗ್ಗಿದ್ದು ನಂಗೆ ಬಗ್ಗಲ್ಲ ಅಂದ್ರೆ ಏನರ್ಥ? ಮುನಿಸು ಕಣೋ ಇದು. ನಾಲ್ಕು ತಿಂಗಳು ತಿರುಗಿ ನೋಡ್ಲಿಲ್ಲ ಅಂತ."

"ವೈರ್ ನೋಡ್ತೀನಿ, ಇಳೀರಿ ಭಾವ."

ಬೆಟ್ಟಣ್ಣ ಎದೆಮುಂದಿನ ಅಡ್ಡಪಟ್ಟಿ ಮೇಲೆತ್ತಿ, ಎರಡು ಕಡೆ ಹಿಡಿದುಕೊಂಡು, ಬಕೆಟ್ಟಿನ ಮೇಲೆ ಕಾಲಿಟ್ಟು ಇಳಿದ. ಕೊಟ್ಟಿಗೆಯ ಕಟ್ಟೆಯ ಮೇಲೆ ಮಾತ್ರೆ ಡಬ್ಬಿ, ನೀರಿನ ಬಾಟಲಿ ಹಿಡಿದು ಕೂತಿದ್ದ ಹೆಂಡತಿ ಅರ್ಧ ಎದ್ದವಳು, ಅವನು ನೆಟ್ಟಗೆ ನಿಂತ ಮೇಲೆ ಮತ್ತೆ ಕೂತಳು. 'ಈ ಕಡೆ ಕೆಲಸವಿತ್ತು' ಎಂದು ಹೇಳಿ ಜೊತೆಗೆ ಬಂದಿದ್ದಳು. ಏನು ಕೆಲಸ ಎಂದು ಯಾರೂ ಕೇಳಿರಲಿಲ್ಲ.

ಮೆಕ್ಯಾನಿಕ್ ಮೇಲೆ ಹತ್ತಿ ತನ್ನ ಭಾರಿ ಮೈಯನ್ನು ಸೀಟಿಗೆ ಇಳಿಸಿ ಕೂತ. ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಸ್ವಿಚ್ಚುಗಳ ಹಿಂದಿನ ವೈರು ಅಲುಗಾಡಿಸಿ, ಸುಮ್ಮನೆ ಒಮ್ಮೆ ಕೀಲಿ ತಿರುಗಿಸಿದ. ಒಂದು ಸುತ್ತಿಗೇ ಎಂಜಿನ್ನು ಹತ್ತಿಕೊಂಡಿತು.

"ಹಾ! ಕೈಗುಣ ಅಂದ್ರೆ ಇದು!" ಬೆಟ್ಟಣ್ಣನ ಮುಖ ಅರಳಿತು. "ಬಾ, ಇಳಿ ಇಳಿ."

ಮೆಕ್ಯಾನಿಕ್ ಎದ್ದ ಕ್ಷಣವೇ ಎಂಜಿನ್ನು ನಿಂತಿತು. ಅದೇನೂ ಹೊಸದಲ್ಲ, ಕೂತವನು ಎದ್ದರೆ ನಿಲ್ಲಬೇಕು ಎಂದೇ ಅದನ್ನು ಮಾಡಿದ್ದಾರೆ. ಬೆಟ್ಟಣ್ಣ ಹತ್ತಿ ಕೂತು ಕೀಲಿ ತಿರುಗಿಸಿದ. ಗುರ್ ಗುರ್ ಗುರ್. ಮೊದಲ ಸಾಲು, ಮತ್ತೆ ಮೊದಲ ಸಾಲು.

ಆಗ ಮೆಕ್ಯಾನಿಕ್ಕಿನ ಕಣ್ಣು ಸೀಟಿನ ಕೆಳಕ್ಕೆ ಹೋಯಿತು.

ಭಾವ ಕೂತಿದ್ದ, ಆದರೆ ಸೀಟು ಕೂತಿರಲಿಲ್ಲ. ಅದರ ಕೆಳಗಿನ ಸ್ಪ್ರಿಂಗು ಆಳಿನ ಭಾರಕ್ಕೆ ಕುಗ್ಗಬೇಕು, ಕುಗ್ಗಿ ಒಂದು ಸ್ವಿಚ್ಚನ್ನು ಒತ್ತಬೇಕು. ಒತ್ತಿದರೆ ಮಾತ್ರ ಸೊಲೆನಾಯ್ಡ್ ಡೀಸೆಲ್ಲಿಗೆ ದಾರಿ ಬಿಡುತ್ತದೆ. ಈಗ ಸೀಟಿಗೂ ಸ್ವಿಚ್ಚಿಗೂ ನಡುವೆ ಒಂದು ಬೆರಳು ತೂರುವಷ್ಟು ಸಂದು ಇತ್ತು. ಲೋಡರಿನ ಪಾಲಿಗೆ ಅಲ್ಲಿ ಯಾರೂ ಕೂತಿರಲಿಲ್ಲ.

ಬೆಳಗಿನಿಂದ ಫಿಲ್ಟರು, ಪೈಪು ಎಂದು ಊರೆಲ್ಲ ಹುಡುಕಿದವನಿಗೆ ಇದು ಹೊಳೆಯದೆ ಹೋದದ್ದಕ್ಕೆ ಕಾರಣವಿತ್ತು. ಭಾವನ ತೂಕದ ಬಗ್ಗೆ ಯೋಚಿಸದಿರುವುದನ್ನು ಅವನು ಮೂರು ತಿಂಗಳಿಂದ ಕಲಿತಿದ್ದ. 'ಭಾವ ಕೂತ ಮೇಲೆ ಲೋಡರಿಗೆ ಹಿಂಭಾರ ಕಟ್ಟೋದೇ ಬೇಡ' ಎಂದು ನಗಿಸುತ್ತಿದ್ದ ಬಾಯಿಗೆ ಬೀಗ ಹಾಕಿದ್ದ. ಅಕ್ಕ ಗಂಡನ ಅಂಗಿಗಳ ಹೊಲಿಗೆ ಒಳಕ್ಕೆ ಹಿಡಿದು ಕಿರಿದು ಮಾಡುತ್ತಿದ್ದಳು. ಒಂದು ದಿನ ಬೆಲ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವನ ಶೆಡ್ಡಿಗೇ ತಂದಿದ್ದಳು. ಅವನು ಅದರಲ್ಲಿ ಐದು ಹೊಸ ತೂತು ಕೊರೆದು, ಹೊಸದೆಂದು ತಿಳಿಯದ ಹಾಗೆ ಅಂಚಿಗೆ ಗ್ರೀಸು ಸವರಿ ಹಳತು ಮಾಡಿ ಕೊಟ್ಟಿದ್ದ.

"ಭಾವ, ಮಾತ್ರೆ ಹೊತ್ತಾಯ್ತಲ್ಲ. ತಗೊಂಡು, ಹಾಗೇ ಆ ನಲ್ಲೀಲಿ ಮುಖ ತೊಳ್ಕೊಂಡು ಬನ್ನಿ. ಪೈಪಲ್ಲಿ ಗಾಳಿ ಸೇರಿರಬೇಕು, ತೆಗೀತೀನಿ."

ಬೆಟ್ಟಣ್ಣ ಅವನ ಮುಖವನ್ನು ಒಂದು ಗಳಿಗೆ ನೋಡಿದ. ಇಳಿದು, ಮಾತ್ರೆ ನುಂಗಿ, ಕೊಟ್ಟಿಗೆಯ ಆಚೆ ತುದಿಯ ನಲ್ಲಿಯ ಕಡೆ ನಡೆದ.

ಸೀಟಿನ ಕೆಳಗೆ ಪಕ್ಕದಲ್ಲಿ ಒಂದು ನಾಬು. ಕೂರುವವರ ತೂಕಕ್ಕೆ ಸ್ಪ್ರಿಂಗನ್ನು ಬಿಗಿ, ಸಡಿಲ ಮಾಡುವುದು. ವರ್ಷಗಳಿಂದ ಯಾರೂ ಮುಟ್ಟಿರಲಿಲ್ಲ. ಮುಳ್ಳು ನೂರಿಪ್ಪತ್ತರಲ್ಲಿ ತುಕ್ಕು ಹಿಡಿದು ನಿಂತಿತ್ತು. ಅವನು ಎಣ್ಣೆ ಬಿಟ್ಟು ಕಾದ. ಅಕ್ಕ ಬಂದು ಪಕ್ಕದಲ್ಲಿ ನಿಂತದ್ದು ಗೊತ್ತಾಯಿತು. ಅವಳು ಅಂಕೆಗಳನ್ನು ನೋಡಿದಳು, ಸೀಟನ್ನು ನೋಡಿದಳು. ಬಿಡಿಸಿ ಹೇಳಬೇಕಾಗಿರಲಿಲ್ಲ.

"ಎಷ್ಟಕ್ಕ?" ಅವಳ ಕಡೆ ತಿರುಗದೆಯೇ ಕೇಳಿದ.

ಆಸ್ಪತ್ರೆಯ ತಕ್ಕಡಿಯ ಅಂಕೆಯನ್ನು ಅವಳು ಈವರೆಗೆ ಯಾರ ಮುಂದೆಯೂ ಆಡಿರಲಿಲ್ಲ. ನಲ್ಲಿಯ ನೀರು ತೊಟ್ಟಿಗೆ ಬೀಳುವ ಸದ್ದು ಕೇಳಿಸುತ್ತಿತ್ತು.

"ಐವತ್ತೆಂಟು," ಎಂದಳು.

ಅವನು ತಿರುಗಿಸಿದ. ನಾಬು ಕಿರುಗುಟ್ಟಿತು, ನೂರು, ತೊಂಬತ್ತು, ಎಪ್ಪತ್ತು. ಪ್ರತಿ ಅಂಕೆಯ ಬಳಿಯೂ ತುಕ್ಕಿನ ಪುಡಿ ಉದುರಿತು. ಸೀಟು ತಪ್ಪದೆ ಕುಗ್ಗಲಿ ಎಂದು ಇನ್ನೊಂಚೂರು ಸಡಿಲಿಸಿ, ಐವತ್ತೈದರ ಗೆರೆಗೆ ತಂದು ನಿಲ್ಲಿಸಿ ಕೈ ಒರೆಸಿಕೊಂಡ.

ಬೆಟ್ಟಣ್ಣ ಬಂದು ಹತ್ತಿ ಕೂತ. ಸೀಟು ನಿಟ್ಟುಸಿರಿಟ್ಟಂತೆ ಮೆಲ್ಲಗೆ ಕೆಳಗಿಳಿಯಿತು. ಕೀಲಿ ಹಾಕಿದಾಗ ಹಿಂದೆ ಎಲ್ಲೋ ಸಣ್ಣಗೆ 'ಟಿಕ್' ಎಂದಿತು. ಎಂಜಿನ್ನು ಹತ್ತಿಕೊಂಡಿತು, ಕೆಮ್ಮಿತು, ಒಂದು ಕಪ್ಪು ಹೊಗೆ ಬಿಟ್ಟು ಹದಕ್ಕೆ ಬಂತು.

"ಗಾಳಿ ಸೇರಿತ್ತು ಅಂದೆನಲ್ಲ," ಎಂದು ಮೆಕ್ಯಾನಿಕ್ ಕೂಗಿ ಹೇಳಿದ.

ಬೆಟ್ಟಣ್ಣ ಎಂಜಿನ್ನಿನ ವೇಗ ತಗ್ಗಿಸಿದ. ಎಡಗೈ ಸೀಟಿನ ಕೆಳಗೆ ಇಳಿಬಿಟ್ಟು, ಹುಡುಕದೆಯೇ ನಾಬನ್ನು ಮುಟ್ಟಿದ. ಬೆರಳಿಗೆ ಎಣ್ಣೆ, ಕೆಂಪು ತುಕ್ಕು ಹತ್ತಿದ್ದನ್ನು ಕಣ್ಣ ಮುಂದೆ ಹಿಡಿದು ನೋಡಿದ. ಇಪ್ಪತ್ತು ವರ್ಷ ಕೂತ ಸೀಟು ಅದು.

"ಗಾಳಿ ಸೇರಿದ್ದಲ್ಲ ಕಣೋ. ಗಾಳಿ ಇಳಿದಿದ್ದು. ಅದೂ ನಂದು."

ಬೆಟ್ಟಣ್ಣ ಬೆರಳನ್ನು ಸೊಂಟದ ಬೆಲ್ಟಿಗೆ ಒರೆಸಿಕೊಂಡ.

"ಆ ಬೆಲ್ಟಿನ ತೂತು ಕೊರೆದವನೂ ನೀನೇ ತಾನೆ?"

ಮೆಕ್ಯಾನಿಕ್ ಸ್ಪ್ಯಾನರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ಹೂಂ ಭಾವ."

"ಒಳ್ಳೇ ಕೆಲಸ. ಒಂದೇ ಗೆರೇಲಿವೆ. ನಿಮ್ಮಕ್ಕನ ಹೊಲಿಗೆನೇ ಸ್ವಲ್ಪ ಸೊಟ್ಟ." ಹೆಂಡತಿಯ ಕಡೆ ನೋಡಿ ನಕ್ಕ. ಅವಳು ಕಣ್ಣೊರೆಸಿಕೊಂಡು, "ಹೊಲಿಗೆ ಸೊಟ್ಟ ಅಲ್ಲ, ಹಾಕ್ಕೊಳ್ಳೋರು ಸೊಟ್ಟ," ಎಂದಳು.

ಅವನು ಅಡ್ಡಪಟ್ಟಿ ಇಳಿಸಿಕೊಂಡ. ಲೋಡರು ನಿಂತಲ್ಲೇ ಗಿರ್ರನೆ ತಿರುಗಿ ಮೊದಲ ಸಾಲಿನೊಳಗೆ ನುಗ್ಗಿತು. ಬಕೆಟ್ಟಿನ ಅಂಚು ನೆಲಕ್ಕೆ ತಾಗಿಯೂ ತಾಗದ ಹಾಗೆ, ಒಂದು ಗೀರು ಬೀಳದ ಹಾಗೆ ಬಾಚುತ್ತ ಹೋಯಿತು. ದನಗಳು ಒಂದರ ಹಿಂದೊಂದು ಮರಳಿದಾಗ ಮೊದಲ ಸಾಲು ಒದ್ದೆಯಾಗಿ ಹೊಳೆಯುತ್ತಿತ್ತು. ಮೇಲ್ವಿಚಾರಕಿ ಬಾಗಿಲಲ್ಲಿ ನಿಂತು ನೋಡಿ, ಕುರ್ಚಿಯ ಮಾತೆತ್ತದೆ ಹೋದಳು. ಬೆಟ್ಟಣ್ಣ ಎರಡನೆಯ ಸಾಲಿಗೆ ತಿರುಗಿದ್ದ. ಅವನ ತುಟಿಗಳು ಆಡುತ್ತಿದ್ದವು.

ಮೂರನೆಯ ಸಾಲಿನ ಹೊತ್ತಿಗೆ ಹಣೆಯ ಬೆವರು ಗಲ್ಲಕ್ಕೆ ಇಳಿದಿತ್ತು. ಲಿವರು ಬಿಟ್ಟು ಅದನ್ನು ಒರೆಸಿಕೊಳ್ಳಲೂ ಅವನು ನಿಲ್ಲಲಿಲ್ಲ. ಅಕ್ಕ ತಮ್ಮನ ಕಡೆ ನೋಡಿದಳು. ಅವನು ಓಡಿಹೋಗಿ ಮುಂದೆ ನಿಂತು ಕೈ ಅಡ್ಡ ಹಿಡಿದ. ಬಕೆಟ್ಟು ಅವನ ಮೊಣಕಾಲಿಗೆ ಒಂದು ಮಾರು ದೂರದಲ್ಲಿ ನಿಂತಿತು.

"ಸಾಕು ಭಾವ, ಇಳೀರಿ. ಉಳಿದದ್ದು ನಾನು ಬಾಚ್ತೀನಿ."

ಬೆಟ್ಟಣ್ಣ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಒಂದು ಕೈಯಿಂದ ಸೀಟಿನ ಅಂಚನ್ನು, ಕರುವಿನ ಕತ್ತು ತಟ್ಟುವ ಹಾಗೆ, ಎರಡು ಸಲ ತಟ್ಟಿದ.

"ಇದನ್ನ ಈಗ ನನ್ನ ತೂಕಕ್ಕೆ ಇಟ್ಟಿದೀಯ ಕಣೋ," ಎಂದ. "ಇಳಿಯಲ್ಲ."